ಒಣಗದ ಅಂಕಣ: ಹಳೆಯ ಕಾಗದ ನನ್ನನ್ನು ಉಳಿಸಿದ ಬಗೆ

ಕಳೆದ ಯುಗಾದಿಯ ಹೊತ್ತಿಗೆ ನನ್ನ ದಿನದ ಟಿಪ್ಪಣಿಯನ್ನು ಚಂದಾ ಕೊಟ್ಟು ಓದುವವರ ಸಂಖ್ಯೆ ಸಾವಿರದ ಎಂಟುನೂರು ದಾಟಿತು. ದಾವಣಗೆರೆಯ ನನ್ನ ಮನೆಯ ಮಹಡಿ ಕೋಣೆಯಲ್ಲಿ ಕುಳಿತು, ಹಿಂದಿನ ದಿನದ ಸುದ್ದಿಯೊಂದನ್ನು ಹಿಡಿದು, ಇನ್ನೂರು ಪದಗಳ ಒಳಗೆ ಒಂದು ಕುಟುಕು ಟಿಪ್ಪಣಿ ಬರೆದು, ಬೆಳಗಿನ ಆರೂವರೆಯೊಳಗೆ ಓದುಗರ ಮೊಬೈಲಿಗೆ ಮುಟ್ಟಿಸುವುದು ನನ್ನ ಕೆಲಸ. ವಾರದ ಏಳೂ ದಿನ ಇದು ತಪ್ಪುವುದಿಲ್ಲ. ಜಿಲ್ಲಾ ಪತ್ರಿಕೆಯೊಂದರಲ್ಲಿ ಅಂಕಣವಾಗಿ ನಾಲ್ಕು ವರ್ಷ, ಆಮೇಲೆ ನನ್ನದೇ ಹೊಣೆಯಲ್ಲಿ ಐದು ವರ್ಷ, ಒಟ್ಟು ಒಂಬತ್ತು ವರ್ಷದಲ್ಲಿ ಪತ್ರಿಕೆಯ ಅಂಕಣ ಹೋಗಿ ಸ್ವಂತದ್ದು ಆರಂಭವಾಗುವ ನಡುವಿನ ಕೆಲವು ತಿಂಗಳು, ತಾಯಿ ತೀರಿಕೊಂಡಾಗಿನ ಹದಿಮೂರು ದಿನ ಮತ್ತು ನನಗೆ ಡೆಂಗಿ ಬಂದಾಗಿನ ಒಂದು ವಾರ ಬಿಟ್ಟರೆ ಟಿಪ್ಪಣಿ ನಿಂತದ್ದಿಲ್ಲ.

ಇದನ್ನು ಬರೆಯಲು ಕಾರಣವಿದೆ. ನಾನು ಸ್ವಂತವಾಗಿ ಆರಂಭಿಸಿದಾಗ ನನ್ನ ಮೇಲೆ ನಿಜವಾದ ಪ್ರೀತಿಯಿದ್ದ ಹಿರಿಯ ಸಂಪಾದಕರೊಬ್ಬರು ಎದುರಿಗೆ ಕೂರಿಸಿಕೊಂಡು ಹೇಳಿದ್ದರು: "ನೋಡ್ರಿ, ದಿನಾ ಕುಟುಕೋದು ಅಂದ್ರೆ ಆರು ತಿಂಗಳಿಗೆ ಒಣಗಿ ಹೋಗ್ತೀರಿ. ಕೊರವಂಜಿಯಂಥಾ ಪತ್ರಿಕೇನೇ ಇಪ್ಪತ್ತೈದು ವರ್ಷಕ್ಕೆ ನಿಂತುಹೋತು, ಅದೂ ತಿಂಗಳಿಗೊಂದು ಸಂಚಿಕೆ." ಅವರು ಹೇಳಿದ ಲೆಕ್ಕ ಸರಿಯಾಗಿತ್ತು. ವೈದ್ಯರಾಗಿದ್ದ ರಾಶಿಯವರು (ಎಂ. ಶಿವರಾಂ) 1942ರಲ್ಲಿ ಆರಂಭಿಸಿದ ಹಾಸ್ಯ ಮಾಸಪತ್ರಿಕೆ ಕೊರವಂಜಿ 1967ರಲ್ಲಿ ನಿಂತಿತು. ಆದರೆ ಒಣಗುವ ಭಯಕ್ಕೆ ಮದ್ದು ಏನೆಂಬುದು ಆ ಮಾತಿನಲ್ಲಿ ಇರಲಿಲ್ಲ. ಆ ಮದ್ದು ನನಗೆ ಸಿಕ್ಕಿತು. ಅಂಕಣ ಬರೆಯುವವರು ಮತ್ತು ಪತ್ರಿಕೆಯ ಡೆಸ್ಕಿನಲ್ಲಿ ಸುದ್ದಿ ತಿದ್ದುವ ಕೆಲಸ ಮಾಡುವವರು ಇದನ್ನು ಓದುತ್ತಾರೆಂದುಕೊಂಡು ಬರೆಯುತ್ತಿದ್ದೇನೆ. ಆದ್ದರಿಂದ ಟಿಪ್ಪಣಿ ಎಂದರೇನು, ವಿಡಂಬನೆ ಏಕೆ ಬೇಕು ಎಂಬ ವಿವರಣೆಗೆ ಹೋಗುವುದಿಲ್ಲ.

2016ರಲ್ಲಿ ಜಿಲ್ಲಾ ಪತ್ರಿಕೆಯಲ್ಲಿ ಅಂಕಣ ಆರಂಭವಾದಾಗ ಒಂದು ಟಿಪ್ಪಣಿಗೆ ನೂರೈವತ್ತು ರೂಪಾಯಿ ಎಂದು ಮಾತಾಗಿತ್ತು. ಅದೇ ಪತ್ರಿಕೆಯ ಡೆಸ್ಕಿನಲ್ಲಿ ನನಗಿದ್ದ ಕೆಲಸದ ಸಂಬಳ ಬೇರೆ, ತಿಂಗಳಿಗೆ ಸುಮಾರು 24 ಸಾವಿರ. ಅಂಕಣದ ಹಣ ಮೂರು ನಾಲ್ಕು ತಿಂಗಳು ತಡವಾಗಿ ಬರುತ್ತಿತ್ತು, ಕೆಲವೊಮ್ಮೆ ಬರುತ್ತಲೇ ಇರಲಿಲ್ಲ. ಆಗ ನನ್ನ ಪದ್ಧತಿ ಎಲ್ಲರ ಪದ್ಧತಿಯೇ. ಸಂಜೆ ಏಳರಿಂದ ಒಂಬತ್ತರವರೆಗೆ ಟಿ.ವಿ. ನೋಡುವುದು, ಯಾವ ನಾಯಕ ಯಾರಿಗೆ ಏನೆಂದ ಎಂಬುದನ್ನು ಹಿಡಿಯುವುದು, ಅದಕ್ಕೆ ಒಂದು ತಿರುಗುಬಾಣ ಬಿಡುವುದು. ರಾತ್ರಿ ಒಂಬತ್ತೂವರೆಗೆ ಪುಟ ಹೋಗುತ್ತಿತ್ತು. ಬೆಳಗ್ಗೆ ಓದುವಾಗ ಚೆನ್ನಾಗಿಯೇ ಕಾಣುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಆ ನಾಯಕ ಬೇರೆಯದೇ ಹೇಳಿಕೆ ಕೊಟ್ಟಿರುತ್ತಿದ್ದ, ಮತ್ತು ನನ್ನ ಟಿಪ್ಪಣಿ ಸಂಜೆಯ ಬೋಂಡಾ ಕಟ್ಟುವ ಕಾಗದವಾಗಿರುತ್ತಿತ್ತು. ಮಾತಿಗೆ ಮಾತು ಜೋಡಿಸಿದ ಬರಹಕ್ಕೆ ಆಯುಸ್ಸು ಅಷ್ಟೇ ಎಂಬುದು ತಿಳಿಯಲು ನನಗೆ ಮೂರು ವರ್ಷ ಹಿಡಿಯಿತು.

2018ರ ಮೇ ತಿಂಗಳಲ್ಲಿ ಮೊದಲ ಪೆಟ್ಟು ಬಿತ್ತು. 15ರಂದು ವಿಧಾನಸಭಾ ಚುನಾವಣೆಯ ಫಲಿತಾಂಶ, 17ರಂದು ಯಡಿಯೂರಪ್ಪನವರ ಪ್ರಮಾಣವಚನ, 19ರಂದು ಬಹುಮತ ಸಾಬೀತು ಮಾಡಬೇಕಿದ್ದ ದಿನವೇ ಮತಕ್ಕೆ ಹಾಕುವ ಮೊದಲು ರಾಜೀನಾಮೆ. ಆ ಐದು ದಿನದಲ್ಲಿ ನಾನು ಒಂಬತ್ತು ಟಿಪ್ಪಣಿ ಬರೆದೆ. ಅದರಲ್ಲಿ ಅಚ್ಚಾದದ್ದು ಐದು, ಅಚ್ಚಾಗುವಾಗ ಜೀವವಿದ್ದದ್ದು ಎರಡು. 2019ರ ಜುಲೈನಲ್ಲಿ ಕುಮಾರಸ್ವಾಮಿಯವರ ವಿಶ್ವಾಸಮತದ ಚರ್ಚೆ 18ರಂದು ಆರಂಭವಾಗಿ 23ರಂದು 99ಕ್ಕೆ 105 ಮತಗಳಿಂದ ಮುಗಿಯುವವರೆಗೂ ಅದೇ ಪಾಡು. ಆದರೂ ಬುದ್ಧಿ ಬರಲಿಲ್ಲ. ಬುದ್ಧಿ ಬಂದದ್ದು ಅದೇ ವರ್ಷದ ನವೆಂಬರ್ 23ರಂದು. ಮಹಾರಾಷ್ಟ್ರದಲ್ಲಿ ಉದ್ಧವ್ ಠಾಕ್ರೆಯವರೇ ಮುಖ್ಯಮಂತ್ರಿ ಎಂದು 22ರ ರಾತ್ರಿ ಮೂರು ಪಕ್ಷಗಳು ಒಪ್ಪಿದ್ದವು, ದೇಶದ ಪತ್ರಿಕೆಗಳೆಲ್ಲ ಅದನ್ನೇ ಮುಖಪುಟಕ್ಕೆ ತಂದಿದ್ದವು. ನಾನೂ ಅದರ ಮೇಲೆ ನನ್ನ ಆ ವರ್ಷದ ಅತ್ಯುತ್ತಮ ಟಿಪ್ಪಣಿ ಬರೆದೆನೆಂದುಕೊಂಡು ಮಲಗಿದೆ. ಬೆಳಗಿನ ಜಾವ 5.47ಕ್ಕೆ ರಾಷ್ಟ್ರಪತಿ ಆಳ್ವಿಕೆ ತೆರವಾಗಿ, ಎಂಟು ಗಂಟೆಯ ಸುಮಾರಿಗೆ ಬಿಜೆಪಿಯ ಫಡಣವೀಸರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡಿದ್ದರು. ಮನೆಯ ಬಾಗಿಲಲ್ಲಿ ಪತ್ರಿಕೆ, ಒಳಗೆ ಟಿ.ವಿ., ನಡುವೆ ನಾನು. ಆ ದಿನ ಬಂದ ಫೋನ್ ಕರೆಗಳನ್ನು ಈಗಲೂ ಮರೆತಿಲ್ಲ.

ಮುಂದೇನಾಗುತ್ತದೆ ಎಂಬುದನ್ನು ಅಂದಿನಿಂದ ಒಂದು ಸಾಲಿನಲ್ಲೂ ಬರೆದಿಲ್ಲ.

2020ರ ಏಪ್ರಿಲ್‌ನಲ್ಲಿ ಪತ್ರಿಕೆ ಮುಟ್ಟಿದರೆ ಕೊರೊನಾ ಬರುತ್ತದೆಂಬ ಭಯಕ್ಕೆ ಪ್ರಸಾರ ಕುಸಿಯಿತು, ಪುಟಗಳು ಕಡಿಮೆಯಾದವು, ಮೊದಲು ಹೋದದ್ದು ನನ್ನ ಅಂಕಣ, ಎರಡು ತಿಂಗಳ ನಂತರ ನನ್ನ ಕೆಲಸ. ಮನೆಯಲ್ಲಿ ಕೂತು ಅಟ್ಟದ ಮೇಲಿದ್ದ ತಗಡಿನ ಟ್ರಂಕನ್ನು ಇಳಿಸಿದೆ. ಅದರಲ್ಲಿ ನಾನು ಯಾವ ಉದ್ದೇಶವೂ ಇಲ್ಲದೆ ಕತ್ತರಿಸಿಟ್ಟ ಸುದ್ದಿ ತುಣುಕುಗಳು, ಸುತ್ತೋಲೆಗಳ ಜೆರಾಕ್ಸ್, ಪತ್ರಿಕಾ ಪ್ರಕಟಣೆಗಳು ಇದ್ದವು. ಹರಡಿಕೊಂಡು ನೋಡುವಾಗ ಮೂರು ಹಾಳೆಗಳು ಒಂದರ ಪಕ್ಕ ಒಂದು ಬಂದವು. ನಮ್ಮ ಭಾಗದ ಒಂದು ಕಚೇರಿ 2017, 2018 ಮತ್ತು 2019ರ ಮಳೆಗಾಲದಲ್ಲಿ ರಸ್ತೆ ಗುಂಡಿಗಳ ಬಗ್ಗೆ ಕೊಟ್ಟ ಪ್ರಕಟಣೆಗಳು ಅವು. ಮೂರರಲ್ಲೂ "ಮಳೆ ಬಿಡುವು ಕೊಟ್ಟ ಹದಿನೈದು ದಿನದೊಳಗೆ" ಎಂಬ ಮಾತಿತ್ತು. ಸಹಿ ಮಾಡಿದ ಅಧಿಕಾರಿಗಳು ಬೇರೆ ಬೇರೆ, ವಾಕ್ಯ ಒಂದೇ. 2018ರಲ್ಲಿ "ಬಿಡುವು" ಪದದಲ್ಲಿ ಬಿದ್ದಿದ್ದ ಒಂದು ಅಕ್ಷರದೋಷವೂ 2019ಕ್ಕೆ ಹಾಗೆಯೇ ಬಂದಿತ್ತು. ನಾನು ಆ ಮೂರು ವಾಕ್ಯಗಳನ್ನು ದಿನಾಂಕದೊಂದಿಗೆ ಒಂದರ ಕೆಳಗೊಂದು ಬರೆದು, ನನ್ನದೆಂದು ಒಂದೇ ಒಂದು ಸಾಲು ಸೇರಿಸಿ, ಪರಿಚಯದ ಅರುವತ್ತು ಎಪ್ಪತ್ತು ಜನರಿಗೆ ಕಳುಹಿಸಿದೆ. ಸಂಜೆಯೊಳಗೆ ಅದು ಹರಪನಹಳ್ಳಿ, ಹರಿಹರ, ರಾಣೆಬೆನ್ನೂರು ಸುತ್ತಿ ನನಗೇ ಮರಳಿ ಬಂತು.

ಒಣಗುವ ಭಯ ಅಂದಿಗೆ ಹೋಯಿತು. ಸುದ್ದಿ ದಿನಾ ಹೊಸದಾಗಿ ಹುಟ್ಟುತ್ತದೆ ಎಂದು ನಂಬಿ ಅದರ ಹಿಂದೆ ಓಡಿದ್ದೇ ನನ್ನ ತಪ್ಪಾಗಿತ್ತು. ನಮ್ಮಲ್ಲಿ ಸುದ್ದಿಗೂ ಮಳೆ ನಕ್ಷತ್ರಗಳ ಹಾಗೆ ಪಂಚಾಂಗವಿದೆ. ಮಾರ್ಚ್ ಸುಮಾರಿಗೆ ಬಜೆಟ್, ಬೇಸಿಗೆಗೆ ಕುಡಿಯುವ ನೀರು ಮತ್ತು ಪರೀಕ್ಷೆಯ ಫಲಿತಾಂಶ, ಜೂನ್‌ನಲ್ಲಿ ಬಿತ್ತನೆ ಬೀಜ ಮತ್ತು ಪಠ್ಯಪುಸ್ತಕ, ಜುಲೈ–ಆಗಸ್ಟ್‌ನಲ್ಲಿ ಗುಂಡಿ ಮತ್ತು ನೆರೆ, ದಸರೆಗೆ ಉದ್ಘಾಟಕರು ಯಾರೆಂಬ ಜಗಳ, ನವೆಂಬರ್ ಒಂದಕ್ಕೆ ಪ್ರಶಸ್ತಿ ಪಟ್ಟಿ, ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನ. ನಾನು ಬಟ್ಟೆ ಅಂಗಡಿಯಿಂದ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ತಂದು ತಿಂಗಳ ಹೆಸರನ್ನಲ್ಲ, ವಿಷಯದ ಹೆಸರನ್ನು ಬರೆದೆ: ಗುಂಡಿ, ಬರ, ನೆರೆ, ಪ್ರಶಸ್ತಿ, ಅಧಿವೇಶನ, ದರ, ನೇಮಕಾತಿ, ಅಧ್ಯಯನ ಪ್ರವಾಸ, ಕನ್ನಡ. ಈಗ ಅವು ಮೂವತ್ತೆಂಟೋ ನಲವತ್ತೋ ಇವೆ. ಒಳಗೆ ಹೋಗುವ ಕಾಗದಕ್ಕೆ ನಿಯಮ ಒಂದೇ. ಅದು ಸಂಬಂಧಪಟ್ಟವರೇ ಬರೆದದ್ದು ಅಥವಾ ಹೇಳಿದ್ದು ಆಗಿರಬೇಕು, ಮೇಲೆ ದಿನಾಂಕವಿರಬೇಕು. ಇನ್ನೊಬ್ಬ ಅಂಕಣಕಾರ ಏನೆಂದ ಎಂಬುದಕ್ಕೆ ನನ್ನ ಪೆಟ್ಟಿಗೆಯಲ್ಲಿ ಜಾಗವಿಲ್ಲ.

ಪೆಟ್ಟಿಗೆ ತುಂಬುವುದು ಬರೆಯುವುದಕ್ಕಿಂತ ಹೆಚ್ಚು ಸಮಯ ತಿನ್ನುತ್ತದೆ. ದಿನಕ್ಕೆ ಏಳು ಪತ್ರಿಕೆ ಕೊಳ್ಳುತ್ತೇನೆ. ಮಾಹಿತಿ ಹಕ್ಕಿನ ಅರ್ಜಿಗಳನ್ನು ಈವರೆಗೆ ಸುಮಾರು ನಲವತ್ತು ಹಾಕಿದ್ದೇನೆ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದಗಳ ಒಳಗೆ. ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ ಮೂವತ್ತು ದಿನದ ಗಡುವು. ಇನ್ನೂರು ಪದಗಳಲ್ಲಿ ಟಿಪ್ಪಣಿ ಬರೆಯುವ ಅಭ್ಯಾಸವಿದ್ದ ನನಗೆ ಆ ಮಿತಿ ತೊಡಕಾಗಲಿಲ್ಲ. ಬಂದ ಉತ್ತರಗಳಲ್ಲಿ ಮೂರರಲ್ಲೊಂದು ಉಪಯೋಗಕ್ಕೆ ಬಂತು. ಇವತ್ತಿನ ಟಿಪ್ಪಣಿಗೆಂದು ಯಾವತ್ತೂ ಅರ್ಜಿ ಹಾಕಬಾರದು. ಬೇಸಿಗೆಯಲ್ಲಿ ಹಾಕಿ ತರಿಸಿಕೊಂಡ ಚರಂಡಿ ಹೂಳೆತ್ತಿದ ಲೆಕ್ಕದ ಬಿಲ್, ನಗರದ ತಗ್ಗು ಬಡಾವಣೆಗೆ ನೀರು ನುಗ್ಗುವ ರಾತ್ರಿಗಾಗಿ ಪೆಟ್ಟಿಗೆಯಲ್ಲಿ ಕಾಯುತ್ತಿರಬೇಕು.

ಇದಕ್ಕಿಂತ ದೊಡ್ಡ ಗಣಿ ವಿಧಾನಮಂಡಲದ ಪ್ರಶ್ನೋತ್ತರ. ಅಧಿವೇಶನ ನಡೆಯುವಾಗ ಉತ್ತರಗಳ ಪ್ರತಿಗಳು ಜಾಲತಾಣದಲ್ಲಿಯೇ ಸಿಗುತ್ತವೆ. ಆದರೆ ಗದ್ದಲದ ದೃಶ್ಯ ಬಿಟ್ಟು ಅದನ್ನು ತೆರೆದು ನೋಡುವವರು ನಮ್ಮ ವೃತ್ತಿಯಲ್ಲಿ ಬಹಳ ಕಡಿಮೆ. ಹಾಳೆಯ ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ, (ಅ) (ಆ) (ಇ) ಎಂದು ಭಾಗಗಳು. "ಸರ್ಕಾರದ ಗಮನಕ್ಕೆ ಬಂದಿದೆಯೇ" ಎಂದು ಎಡಭಾಗ ಕೇಳಿದರೆ ಬಲಭಾಗ "ಬಂದಿದೆ" ಎನ್ನುತ್ತದೆ. "ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು" ಎಂದರೆ "ಪರಿಶೀಲನೆಯಲ್ಲಿದೆ" ಎನ್ನುತ್ತದೆ. ಮೊದಲ ಪ್ರಶ್ನೆಗೆ "ಇಲ್ಲ" ಎಂದುಬಿಟ್ಟರೆ ಮುಂದಿನ ಎಲ್ಲ ಭಾಗಗಳಿಗೂ "ಉದ್ಭವಿಸುವುದಿಲ್ಲ" ಎಂಬ ಒಂದೇ ಪದ ಸಾಕಾಗುತ್ತದೆ. ಒಂದು ಡಿಸೆಂಬರ್‌ನಲ್ಲಿ ನಾನು ಆರು ದಿನ ಬರೀ ಈ ಹಾಳೆಗಳಿಂದಲೇ ಟಿಪ್ಪಣಿ ಬರೆದೆ. ಗಡಿ ಭಾಗದ ಒಂದು ಶಾಲೆಯ ಕೊಠಡಿಯ ಬಗ್ಗೆ ಕೇಳಿದ ಪ್ರಶ್ನೆಗೆ ಬಂದ ಉತ್ತರವನ್ನು ಹಾಗೆಯೇ ಇಳಿಸಿ, ಅದೇ ಊರಿನ ಬಗ್ಗೆ ಎರಡು ವರ್ಷ ಹಿಂದೆ ಬಂದಿದ್ದ ಉತ್ತರವನ್ನು ಕೆಳಗಿಟ್ಟೆ. ಸುವರ್ಣ ವಿಧಾನಸೌಧ 2012ರ ಅಕ್ಟೋಬರ್ 11ರಂದು ಉದ್ಘಾಟನೆಯಾದದ್ದು ಆ ಭಾಗದ ಪ್ರಶ್ನೆಗಳಿಗೆ ಅಲ್ಲಿಯೇ ಉತ್ತರ ಸಿಗಲಿ ಎಂದು. ಆ ಕಟ್ಟಡದ ಗೋಡೆಗಳೊಳಗೆ ಏನು ಉತ್ತರ ಸಿಗುತ್ತಿದೆ ಎಂಬುದನ್ನು ಆ ಭಾಗದವರು ಓದಬೇಕೆಂಬ ಹಟ ನನಗೆ ಇತ್ತು, ಈಗಲೂ ಇದೆ. ಆ ಆರು ದಿನದಲ್ಲಿ ಹೊಸದಾಗಿ ನೂರೆಪ್ಪತ್ತು ಜನ ಚಂದಾದಾರರಾದರು. ಅಧಿವೇಶನದಲ್ಲಿ ಬೈಗುಳವಿದ್ದರೆ ಮಾತ್ರ ಓದುತ್ತಾರೆ ಎಂದು ನನಗೆ ಹೇಳಿದವರಿಗೆ ಈ ಸಂಖ್ಯೆಯನ್ನು ಖುದ್ದಾಗಿ ತಿಳಿಸಿದ್ದೇನೆ.

ಒಂದು ಟಿಪ್ಪಣಿ ಹೇಗೆ ರೂಪುಗೊಂಡಿತು ಎಂಬುದನ್ನು ಬಿಡಿಸಿ ಹೇಳಬೇಕೆಂದರೆ 2024ರ ಜೂನ್ ತಿಂಗಳ ಹಾಲಿನ ಪ್ರಸಂಗವನ್ನೇ ತೆಗೆದುಕೊಳ್ಳುತ್ತೇನೆ. 15ರಂದು ರಾಜ್ಯ ಸರ್ಕಾರ ಪೆಟ್ರೋಲ್, ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿಸಿ ಲೀಟರಿಗೆ ಮೂರು ರೂಪಾಯಿಯಷ್ಟು ಬೆಲೆ ಹೆಚ್ಚಾಗಿತ್ತು, ಜನರ ಸಿಟ್ಟು ಆರಿರಲಿಲ್ಲ. 25ರಂದು ಕೆಎಂಎಫ್ ಪ್ರಕಟಣೆ ಬಂತು. ಮರುದಿನದಿಂದ ನಂದಿನಿ ಹಾಲಿನ ಪ್ರತಿ ಪ್ಯಾಕೆಟ್ಟಿನಲ್ಲಿ 50 ಮಿಲಿ ಹೆಚ್ಚು, ಬೆಲೆಯಲ್ಲಿ ಎರಡು ರೂಪಾಯಿ ಹೆಚ್ಚು. ಇದು ದರ ಏರಿಕೆಯಲ್ಲ, ಪ್ರಮಾಣದ ಏರಿಕೆ ಎಂಬುದು ಅವರ ವಾದ. ಸಂಜೆಯೇ ಎಲ್ಲ ಕಡೆ ಬೈಗುಳ ಶುರುವಾಯಿತು. ನಾನೂ ಆರು ಗಂಟೆಯೊಳಗೆ ಒಂದು ಖಾರದ ಟಿಪ್ಪಣಿ ಬರೆದು ಮುಗಿಸಿದೆ: ದರ ಏರಿಸಿ ಇಲ್ಲವೆನ್ನುತ್ತಿದ್ದಾರೆ ಎಂಬುದು ಅದರ ತಿರುಳು. ಕಾಗದ ಜೋಡಿಸಲು ಬರುವ, ಪತ್ರಿಕೋದ್ಯಮ ಓದಿದ ಹುಡುಗಿ ಅದನ್ನು ಓದಿ, "ಸರ್, ಒಂದು ಮಿಲಿಗೆ ಎಷ್ಟು ಬೀಳುತ್ತೆ ಅಂತ ನೋಡಿದ್ರಾ?" ಎಂದಳು. ನೋಡಿರಲಿಲ್ಲ. ಅರ್ಧ ಲೀಟರಿನ ನೀಲಿ ಪ್ಯಾಕೆಟ್ 500 ಮಿಲಿಗೆ 22 ರೂಪಾಯಿ ಇದ್ದದ್ದು 550 ಮಿಲಿಗೆ 24 ಆಗಿತ್ತು. ಮೊದಲು ಮಿಲಿಗೆ 4.40 ಪೈಸೆ, ಆಮೇಲೆ 4.36. ಲೀಟರಿನದು 42 ಇದ್ದದ್ದು 1,050 ಮಿಲಿಗೆ 44, 4.20 ಇದ್ದದ್ದು 4.19. ಅವರ ವಾದ ಪೈಸೆಯ ಲೆಕ್ಕದಲ್ಲಿ ಸರಿಯಾಗಿತ್ತು. ನಾನು ಬರೆದದ್ದು ಸುಳ್ಳಾಗುತ್ತಿತ್ತು.

ಹರಿದು ಹಾಕಿ ಮತ್ತೆ ಕುಳಿತೆ. ಹಾಗಾದರೆ ಜನರಿಗೆ ನೋವಾದದ್ದು ಎಲ್ಲಿ? ದಿನಕ್ಕೆ ಒಂದು ಅರ್ಧ ಲೀಟರ್ ಪ್ಯಾಕೆಟ್ ತರುವ ಮನೆಗೆ ತಿಂಗಳಿಗೆ ಅರುವತ್ತು ರೂಪಾಯಿ ಹೆಚ್ಚು ಹೋಗುತ್ತಿತ್ತು, ಮತ್ತು ನನಗೆ 500 ಮಿಲಿಯೇ ಸಾಕು ಎನ್ನಲು ಅಂಗಡಿಯಲ್ಲಿ ಆಗ ಆ ಪ್ಯಾಕೆಟ್ಟೇ ಇರಲಿಲ್ಲ. ನೋವು ದರದಲ್ಲಿರಲಿಲ್ಲ, ಆಯ್ಕೆ ಇಲ್ಲದ್ದರಲ್ಲಿತ್ತು. ಲೆಕ್ಕವನ್ನು ಮೊದಲ ನಾಲ್ಕು ಸಾಲಿನಲ್ಲಿ ಪ್ರಾಮಾಣಿಕವಾಗಿ ಇಟ್ಟು, ಅವರ ಮಾತು ನಿಜವೆಂದು ಒಪ್ಪಿಕೊಂಡು, ಕೊನೆಗೆ ಹೀಗೆ ಬರೆದೆ: "ಕೇಳದೆಯೇ ಐವತ್ತು ಮಿಲಿ ಕೊಡುವಷ್ಟು ಪ್ರೀತಿ, ಕೇಳದೆಯೇ ಎರಡು ರೂಪಾಯಿ ತೆಗೆದುಕೊಳ್ಳುವಷ್ಟು ಸಲಿಗೆ, ಎರಡೂ ಮನೆಯವರಿಗೇ ಇರುವಂಥದ್ದು." ಮರುದಿನ ಹಾಲು ಒಕ್ಕೂಟದಲ್ಲಿ ಕೆಲಸ ಮಾಡುವ ಒಬ್ಬರೇ ಅದನ್ನು ನನಗೆ ಕಳುಹಿಸಿ, ಲೆಕ್ಕ ಸರಿಯಾಗಿ ಹಾಕಿದವರು ಇವರೊಬ್ಬರೇ ಎಂದು ಬರೆದಿದ್ದರು, ಲೇಖಕ ನಾನೆಂಬುದು ಅವರಿಗೆ ಗೊತ್ತಿರಲಿಲ್ಲ. ಅಂದಿನಿಂದ ಸಂಖ್ಯೆ ಬರುವ ಯಾವ ಟಿಪ್ಪಣಿಯೂ ಆ ಹುಡುಗಿಯ ಕ್ಯಾಲ್ಕುಲೇಟರ್ ದಾಟದೆ ಹೊರಹೋಗುವುದಿಲ್ಲ.

ಅದಾದ ಮೂರು ವಾರಕ್ಕೆ "ನೇಮಕಾತಿ" ಪೆಟ್ಟಿಗೆ ಬೆಲೆ ತಂದುಕೊಟ್ಟಿತು. ಜುಲೈ 15ರಂದು ಸಚಿವ ಸಂಪುಟ ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಮೀಸಲಿಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಗದ್ದಲ ಮಾಡಿದರು. 17ರ ರಾತ್ರಿಯ ಹೊತ್ತಿಗೆ ಮಸೂದೆಯನ್ನು ತಡೆಹಿಡಿಯಲಾಯಿತು. ಎಲ್ಲರೂ ಆ ಎರಡು ದಿನದ ಗಲಾಟೆಯ ಮೇಲೆ ಬರೆದರು. ನನ್ನ ಪೆಟ್ಟಿಗೆಯಲ್ಲಿ ಕನ್ನಡಿಗರಿಗೆ ಉದ್ಯೋಗದ ಬಗ್ಗೆ ಶಿಫಾರಸು ಮಾಡಿದ್ದ ಸರೋಜಿನಿ ಮಹಿಷಿ ಸಮಿತಿಯ ಕಾಗದಗಳಿದ್ದವು. 1986ರಲ್ಲಿ ವರದಿ ಬಂದದ್ದು, 58 ಶಿಫಾರಸುಗಳಿದ್ದದ್ದು, ಅದರಲ್ಲಿ 45ನ್ನು ಸರ್ಕಾರ ಒಪ್ಪಿದ್ದು ಅದರಲ್ಲಿತ್ತು. ಮೂವತ್ತೆಂಟು ವರ್ಷ ಒಪ್ಪಿಕೊಂಡೇ ಇರುವ ವರದಿ ಒಂದು ಕಡೆ, ನಲವತ್ತೆಂಟು ಗಂಟೆ ಒಪ್ಪಿಗೆಯಲ್ಲಿದ್ದ ಮಸೂದೆ ಇನ್ನೊಂದು ಕಡೆ. ಹೆಚ್ಚು ಮಾತಿಗೆ ಅಲ್ಲಿ ಅಗತ್ಯವೇ ಇರಲಿಲ್ಲ. ನನ್ನ ಇಬ್ಬರು ಮಕ್ಕಳಲ್ಲಿ ಒಬ್ಬ ಕೆಲಸ ಹುಡುಕುತ್ತಿದ್ದ ದಿನಗಳವು. ಆ ಟಿಪ್ಪಣಿಯನ್ನು ನಾನು ಸಂಕಟದಿಂದಲೇ ಬರೆದಿದ್ದೆ, ಓದಿದವರು ಅದನ್ನು ಗುರುತಿಸಿದರು.

ಪಕ್ಷ ಹಿಡಿಯದಿದ್ದರೆ ಓದುಗರಿಲ್ಲ ಎಂಬುದು ನನಗೆ ಬಂದ ಎರಡನೇ ಎಚ್ಚರಿಕೆ. 2023ರ ಚುನಾವಣೆಯ ತಿಂಗಳಲ್ಲಿ ಒಂದು ಕಡೆಯ ನಲವತ್ತು ಮಂದಿ, ಇನ್ನೊಂದು ಕಡೆಯ ಮೂವತ್ತೈದು ಮಂದಿ ಚಂದಾ ಬಿಟ್ಟರು. ಎರಡೂ ಕಡೆಯಿಂದ ಹೆಚ್ಚುಕಡಿಮೆ ಸಮನಾಗಿ ಹೋದದ್ದು ನೋಡಿ ನನಗೆ ನೆಮ್ಮದಿಯೇ ಆಯಿತು. ಆದರೂ ಅಂದಾಜಿನ ಮೇಲೆ ಬಿಡಬಾರದೆಂದು ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದು, ಯಾವ ದಿನ ಯಾರನ್ನು ಕುಟುಕಿದೆ, ಅಧಿಕಾರದಲ್ಲಿರುವವರೋ ವಿರೋಧದಲ್ಲಿರುವವರೋ ಎಂದು ಬರೆಯುತ್ತಾ ಬಂದಿದ್ದೇನೆ. ಎರಡಕ್ಕೂ ಸಮಪಾಲು ಕೊಡಬೇಕೆಂದು ನಾನು ನಂಬುವುದಿಲ್ಲ. ಅಧಿಕಾರ ಹೆಚ್ಚಿದ್ದವರಿಗೆ ಪಾಲು ಹೆಚ್ಚು. ಬೆಂಗಳೂರಿನಲ್ಲಿ ಒಂದು ಪಕ್ಷ, ದೆಹಲಿಯಲ್ಲಿ ಇನ್ನೊಂದು ಪಕ್ಷ ಇರುವಾಗ ಈ ನಿಯಮವೇ ತೂಕ ಸರಿಮಾಡುತ್ತದೆ. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ರಾಜ್ಯ ಕೇಳಿದ್ದು 18 ಸಾವಿರ ಕೋಟಿ ರೂಪಾಯಿಗೂ ಮೀರಿ, ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲ್ ಕೊನೆಗೆ ಬಂದದ್ದು ಸುಮಾರು 3,450 ಕೋಟಿ. ಒಂದು ದಿನ ದೆಹಲಿಯ ತಡವನ್ನು ಬರೆದೆ, ಮರುದಿನ ನಮ್ಮ ಜಿಲ್ಲೆಯಲ್ಲಿ ಮೇವಿನ ಹಣ ರೈತರಿಗೆ ತಲುಪಲು ಹಿಡಿದ ತಡವನ್ನು ಬರೆದೆ. ಎರಡೂ ದಿನ ಬೈಗುಳ ಬಂತು, ಎರಡೂ ದಿನ ಬೇರೆ ಬೇರೆಯವರಿಂದ. ಕೌಂಟರಿನ ಆಚೆ ಕೂತ ಗುಮಾಸ್ತ, ಗ್ರಾಮಲೆಕ್ಕಿಗ, ಬಸ್ ಕಂಡಕ್ಟರ್ ಇವರನ್ನು ನಾನು ಎಂದೂ ಕುಟುಕಿಲ್ಲ. ಅವರ ಮೇಲೆ ಬರೆಯುವುದು ಸುಲಭ, ಜನ ನಗುವುದೂ ಹೆಚ್ಚು. ಆದರೆ ಆದೇಶಕ್ಕೆ ಸಹಿ ಮಾಡಿದವರು ಅವರಲ್ಲ.

ಹಣದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಎಲ್ಲರೂ ಕೇಳುವುದು ಇದನ್ನೇ. 2020ರ ಆಗಸ್ಟ್‌ನಲ್ಲಿ ತಿಂಗಳಿಗೆ ಮೂವತ್ತು ರೂಪಾಯಿ ಎಂದು ಆರಂಭಿಸಿದೆ. 212 ಜನ ಸೇರಿದರು. ನಾಲ್ಕನೇ ತಿಂಗಳಿಗೆ ಕೊಡುತ್ತಿದ್ದವರು ತೊಂಬತ್ತು. ಉಳಿದವರಿಗೆ ಕೊಡಬಾರದೆಂದಿರಲಿಲ್ಲ, ಪ್ರತಿ ತಿಂಗಳು ನೆನಪಿಟ್ಟು ಮೂವತ್ತು ರೂಪಾಯಿ ಹಾಕುವುದು ಯಾರಿಂದಲೂ ಆಗುವ ಕೆಲಸವಲ್ಲ. ನೆನಪು ಮಾಡಲು ನನಗೆ ಸಂಕೋಚ, ನೆನಪು ಮಾಡಿಸಿಕೊಳ್ಳಲು ಅವರಿಗೆ ಮುಜುಗರ. ಮನೆಯಲ್ಲಿ ಬಂಗಾರ ಅಡವಿಟ್ಟ ವರ್ಷ ಅದು. 2021ರ ಯುಗಾದಿಗೆ ತಿಂಗಳ ಚಂದಾ ತೆಗೆದುಹಾಕಿ ವರ್ಷಕ್ಕೆ 365 ಎಂದು ಮಾಡಿದೆ, ನಡುವೆ ಸೇರಿದವರಿಗೂ ಯುಗಾದಿಗೇ ಮುಗಿಯುವಂತೆ ದಿನದ ಲೆಕ್ಕದಲ್ಲಿ ಹಣ ಪಡೆದೆ. ವರ್ಷಕ್ಕೆ ಒಂದೇ ಸಲ ಕೇಳುವುದು, ಅದೂ ಬೇವು ಬೆಲ್ಲದ ದಿನ. ನವೀಕರಿಸುವವರು ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚಾದರು. ಈಗ ವರ್ಷಕ್ಕೆ ಆರೂವರೆ ಲಕ್ಷದಷ್ಟು ಬರುತ್ತದೆ; ಪತ್ರಿಕೆಗಳಿಗೆ, ಹುಡುಗಿಯ ಸಂಬಳಕ್ಕೆ, ಜೆರಾಕ್ಸ್, ಅಂಚೆ, ಮೊಬೈಲ್, ಲೆಕ್ಕಪತ್ರಕ್ಕೆಲ್ಲ ಒಂದು ಮುಕ್ಕಾಲು ಎರಡು ಲಕ್ಷ ಹೋಗಿ, ತಿಂಗಳಿಗೆ 38 ಸಾವಿರದ ಸುಮಾರು ಉಳಿಯುತ್ತದೆ. ಡೆಸ್ಕಿನ ಸಂಬಳಕ್ಕಿಂತ ಇದು ಹೆಚ್ಚು, ಮತ್ತು ಬಂಗಾರ ಬಿಡಿಸಿ ಮೂರು ವರ್ಷವಾಯಿತು. ಜಾಹೀರಾತು ಒಂದನ್ನೂ ತೆಗೆದುಕೊಂಡಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವ ಪಟ್ಟಿಯೊಂದಕ್ಕೆ 256 ಜನರ ಮಿತಿ ಇರುವುದು, ನಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುವುದು ಈ ಕೆಲಸಕ್ಕೆ ಇಳಿದವರಿಗೆಲ್ಲ ಗೊತ್ತು. ಅದನ್ನು ನಾನು ಹೇಗೆ ದಾಟಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನದ ಪ್ರಶ್ನೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಕಣ್ಣು ಮಂಜಾದ ಹಿರಿಯ ಓದುಗರು ಕೇಳಿದರೆಂದು ಟಿಪ್ಪಣಿಯನ್ನು ಓದಿ ಧ್ವನಿಯಲ್ಲಿ ಕಳುಹಿಸಲು ಆರಂಭಿಸಿದೆ. ಹತ್ತು ದಿನಕ್ಕೆ ದೊಡ್ಡ ಎಡವಟ್ಟಾಯಿತು. ಸಚಿವರೊಬ್ಬರ ಹೇಳಿಕೆಯನ್ನು ನಾನು ಓದಿದ್ದನ್ನು ಕೇಳಿದವರು ಅದು ನನ್ನದೇ ಅಭಿಪ್ರಾಯವೆಂದು ತಿಳಿದರು. ಕಾಗದದ ಮೇಲೆ ಉದ್ಧರಣ ಚಿಹ್ನೆ ಮಾಡುವ ಕೆಲಸವನ್ನು ಕಂಠ ಮಾಡುವುದಿಲ್ಲ. ಈಗ ಉದ್ಧರಿಸಿದ ಮಾತುಗಳನ್ನು ನನ್ನ ಹೆಂಡತಿ ಓದುತ್ತಾಳೆ, ಉಳಿದದ್ದನ್ನು ನಾನು ಓದುತ್ತೇನೆ, ಆ ಗೊಂದಲ ನಿಂತಿದೆ, ಕೇಳುವವರು ಇನ್ನೂರರಷ್ಟಿದ್ದಾರೆ. ಭಾನುವಾರ ಚೌಪದಿ ಬರೆದು ನೋಡಿದೆ, ಎಂಟು ವಾರಕ್ಕೆ ಕೈಬಿಟ್ಟೆ. ಪ್ರಾಸಕ್ಕಾಗಿ ಒಮ್ಮೆ ಸಂಖ್ಯೆಯನ್ನೇ ಬದಲಿಸುವ ಹಂತಕ್ಕೆ ಹೋಗಿದ್ದೆ, ಅದು ನನಗೆ ಹೆದರಿಕೆ ಹುಟ್ಟಿಸಿತು. ನಮ್ಮ ಕಡೆಯ ಆಡುಮಾತಿನಲ್ಲಿ ಒಂದು ತಿಂಗಳು ಬರೆದಾಗ ಓದುಗರು ಬಹಳ ಮೆಚ್ಚಿದರು. ಆದರೆ ಅವರು ನಗುತ್ತಿದ್ದದ್ದು ಅಧಿಕಾರದಲ್ಲಿರುವವರ ನಡೆಗಲ್ಲ, ಹಳ್ಳಿಯವನ ಮಾತಿನ ಧಾಟಿಗೆ ಎಂಬುದು ಬೆಂಗಳೂರಿನ ಓದುಗರೊಬ್ಬರ ಹೊಗಳಿಕೆಯಿಂದಲೇ ತಿಳಿಯಿತು. ನನ್ನ ಅಪ್ಪ ಮಾತಾಡುತ್ತಿದ್ದದ್ದು ಅದೇ ಧಾಟಿಯಲ್ಲಿ. ಅಂದೇ ನಿಲ್ಲಿಸಿದೆ. ಮಂಡ್ಯದಲ್ಲಿ 2024ರ ಡಿಸೆಂಬರ್‌ನಲ್ಲಿ ನಡೆದ 87ನೇ ಸಾಹಿತ್ಯ ಸಮ್ಮೇಳನದ ಊಟದಲ್ಲಿ ಮಾಂಸಾಹಾರ ಬೇಕೇ ಬೇಡವೇ ಎಂಬ ಜಗಳ ಎದ್ದಾಗ ಮಾತ್ರ ಮೂರು ದಿನ ಅದೇ ವಿಷಯ ಬರೆದೆ, ಅದೂ ಶಿಷ್ಟ ಕನ್ನಡದಲ್ಲಿ. ಊಟದ ಎಲೆಯ ಪ್ರಶ್ನೆ ಎಂದು ಅದನ್ನು ಹಗುರ ಮಾಡುವುದು ನನಗೆ ಇಷ್ಟವಿರಲಿಲ್ಲ.

ಒಂದು ಸಲ ತಪ್ಪಿ ಬಿದ್ದದ್ದನ್ನೂ ಹೇಳಬೇಕು. "ಅಧ್ಯಯನ ಪ್ರವಾಸ" ಪೆಟ್ಟಿಗೆಯಿಂದ ತೆಗೆದು ಬರೆದ ಟಿಪ್ಪಣಿಯಲ್ಲಿ ಸ್ಥಳೀಯ ಮುಖಂಡರೊಬ್ಬರು ಮೂರು ಸಲ ವಿದೇಶಕ್ಕೆ ಹೋದರೆಂದು ಬರೆದೆ. ಕಾಗದದಲ್ಲಿ ಇದ್ದದ್ದು ಎರಡು, ಮೂರನೆಯದು ರದ್ದಾಗಿತ್ತು. ನಾಲ್ಕನೇ ದಿನ ವಕೀಲರ ನೋಟಿಸ್ ಬಂತು. ಹಳೆಯ ದಂಡ ಸಂಹಿತೆಯಾದ ಐಪಿಸಿಯ 499, 500ನೇ ಕಲಂಗಳು ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಬಂದಿದ್ದರೂ, ಮಾನನಷ್ಟ ಇಂದಿಗೂ ಎರಡು ವರ್ಷದವರೆಗೆ ಜೈಲು ಕಾಣಿಸಬಲ್ಲ ಅಪರಾಧವೇ. ನಮ್ಮ ವಕೀಲರಿಗೆ ಎಂಟು ಸಾವಿರ ಕೊಟ್ಟೆ. ತಪ್ಪು ನನ್ನದಾದ್ದರಿಂದ ವಾದಕ್ಕೆ ಇಳಿಯದೆ, ತಪ್ಪು ಬಂದಷ್ಟೇ ಪದಗಳಲ್ಲಿ, ಅದೇ ಆರೂವರೆ ಗಂಟೆಗೆ, ತಿದ್ದುಪಡಿ ಕಳುಹಿಸಿದೆ. ಅವರು ಮುಂದುವರಿಯಲಿಲ್ಲ. ಎರಡು ಪ್ರವಾಸದ ವೆಚ್ಚ ಮಾತ್ರ ಹಾಗೆಯೇ ಉಳಿಯಿತು. ಆ ತಿದ್ದುಪಡಿ ಕಳುಹಿಸಿದ ವಾರ ಚಂದಾ ಬಿಟ್ಟವರು ಒಬ್ಬರೂ ಇಲ್ಲ.

ಬರೆಯುವ ಸಮಯವನ್ನು ಕೇಳುತ್ತಾರೆ. ಸಂಜೆ ಐದಕ್ಕೆ ವಿಷಯ ನಿರ್ಧಾರ, ಆರಕ್ಕೆ ಪೆಟ್ಟಿಗೆ ತೆಗೆಯುವುದು, ಎಂಟರೊಳಗೆ ಮೊದಲ ಕರಡು, ಬೆಳಗ್ಗೆ ಐದಕ್ಕೆ ಎದ್ದು ಇ-ಪತ್ರಿಕೆ ನೋಡಿ, ರಾತ್ರಿಯಲ್ಲಿ ಏನಾದರೂ ಬದಲಾಗಿದೆಯೇ ಎಂದು ಖಚಿತ ಮಾಡಿಕೊಂಡು ಕೊನೆಯ ಸಾಲು ಬರೆಯುವುದು. ಕೊನೆಯ ಸಾಲನ್ನು ರಾತ್ರಿ ಬರೆಯುವುದಿಲ್ಲ. ಅದನ್ನು ಹೇಗೆ ಹುಡುಕುತ್ತೇನೆ ಎಂಬುದನ್ನು ಹೆಂಡತಿಗೂ ಹೇಳಿಲ್ಲ. ಯಾವ ದಿನವೂ ಬಳಕೆಗೆ ಬರಬಹುದಾದ ನಾಲ್ಕು ಟಿಪ್ಪಣಿಗಳು ಸದಾ ಸಿದ್ಧವಾಗಿರುತ್ತವೆ. ನವೆಂಬರ್ ಮೊದಲ ವಾರದ್ದು, ಉದಾಹರಣೆಗೆ, ಆಗಸ್ಟಿನಲ್ಲೇ ಅರ್ಧ ಮುಗಿದಿರುತ್ತದೆ. ರಾಜ್ಯೋತ್ಸವಕ್ಕೆ ಎಷ್ಟು ವರ್ಷವೋ ಅಷ್ಟು ಸಾಧಕರಿಗೆ ಪ್ರಶಸ್ತಿ ಎಂಬ ಮಿತಿಯಿಂದ 2023ರಲ್ಲಿ 68, 2024ರಲ್ಲಿ 69 ಆಯಿತು. ಸಂಖ್ಯೆ ಮೊದಲೇ ಗೊತ್ತಿರುವ ಸುದ್ದಿಗೆ ಕಾಯುವ ಅಗತ್ಯವಿಲ್ಲ. ಪಟ್ಟಿ ಬಂದ ದಿನ ನೋಡಬೇಕಾದದ್ದು ಯಾವ ಜಿಲ್ಲೆಗೆ ಎಷ್ಟು ಎಂಬುದನ್ನು ಮಾತ್ರ.

ಹೋದ ಮಳೆಗಾಲದಲ್ಲಿ ಗೋಡೆಯ ತೇವದಿಂದ ಗೆದ್ದಲು ಹತ್ತಿ "ನೆರೆ" ಪೆಟ್ಟಿಗೆಯ ಅರ್ಧ ಹೋಯಿತು. ಉತ್ತರ ಕರ್ನಾಟಕದಲ್ಲಿ 2019ರ ಆಗಸ್ಟ್‌ನಲ್ಲಿ ಪ್ರವಾಹ ಬಂದಾಗ ಮನೆ ಕಟ್ಟಿಕೊಡುವ ಬಗ್ಗೆ ಕೊಟ್ಟ ಭರವಸೆಗಳ ಕಾಗದ ಅದರಲ್ಲಿದ್ದವು. ಆ ಊರುಗಳಲ್ಲಿ ಇನ್ನೂ ತಗಡಿನ ಶೆಡ್ಡಿನಲ್ಲಿರುವ ಒಬ್ಬ ಓದುಗ ನನಗಿದ್ದಾನೆ. ಆ ಕಾಗದ ನನ್ನ ಹತ್ತಿರವಿದೆ ಎಂಬುದು ಅವನಿಗೆ ಒಂದು ಧೈರ್ಯವಾಗಿತ್ತು. ಹುಡುಗಿ ಈಗ ದಿನಕ್ಕೆ ಅರುವತ್ತು ಹಾಳೆಯಂತೆ ಫೋಟೊ ತೆಗೆಯುತ್ತಿದ್ದಾಳೆ, ಹನ್ನೊಂದು ಪೆಟ್ಟಿಗೆ ಮುಗಿದಿವೆ. ಕಬ್ಬಿಣದ ಎರಡು ಬೀರು ಕೊಳ್ಳಲು ಇಪ್ಪತ್ತೆರಡು ಸಾವಿರ ತೆಗೆದಿಟ್ಟಿದ್ದೇನೆ. ಕಳೆದುಹೋದ ನೆರೆಯ ಕಾಗದಗಳಿಗಾಗಿ ಮೂರು ಕಚೇರಿಗಳಿಗೆ, ತಲಾ 150 ಪದ ಮೀರದಂತೆ, ಹೊಸ ಅರ್ಜಿಗಳನ್ನು ನಿನ್ನೆ ಅಂಚೆಗೆ ಹಾಕಿದೆ.